ಎರಡೇ ಗಂಟೆ ಒಣಗಿಸಿದ ಪಾಲಿಯೆಸ್ಟರ್

ಮೂರನೇ ಪಟ್ಟಿಯೂ ಪಟ್ ಅಂತ ಮುರಿಯಿತು. ಪ್ಲಾಸ್ಟಿಕ್ ಪಟ್ಟಿಯನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದು, ಎಷ್ಟು ಬಲಕ್ಕೆ ಮುರಿಯಿತೆಂದು ಬರೆಯುವುದು ನನ್ನ ಕೆಲಸ. ಮುರಿದದ್ದಕ್ಕೆ ಮರುಗುವುದು ನನ್ನ ಕೆಲಸವಲ್ಲ.

"ಮತ್ತೆ ಹೋಯ್ತಾ?" ಅಂದರು ಮಿಕ್ಸಿಂಗ್ ವಿಭಾಗದ ಎಂಜಿನಿಯರ್.

"ಹೋಯ್ತು."

ಪಾಲಿಯೆಸ್ಟರ್‌ಗೆ ಜೇಡಿಮಣ್ಣಿನ ನ್ಯಾನೋ ಪುಡಿ ಬೆರೆಸಿ ಗಟ್ಟಿ ಮಾಡುವುದು ಅವರ ಪ್ರಾಜೆಕ್ಟ್. ನೂರಕ್ಕೆ ಎರಡು ಪಾಲು ಪುಡಿ ಸಮನಾಗಿ ಹರಡಿದರೆ ಬಲ ಹೆಚ್ಚಬೇಕು. ಐದಾದರೆ ಗಂಟುಕಟ್ಟಿ ಸ್ವಲ್ಪ ಬಲಕ್ಕೇ ಮುರಿಯುತ್ತದೆ. ಇವರದು ಎರಡು ಪಾಲಿಗೇ ಹಾಗೆ ಮುರಿಯುತ್ತಿತ್ತು. ಶುಕ್ರವಾರದೊಳಗೆ ಸರಿಹೋಗದಿದ್ದರೆ ಪ್ರಾಜೆಕ್ಟ್ ಬಂದ್, ಅವರಿಗೆ ದೂರದ ಕಾರ್ಖಾನೆಗೆ ವರ್ಗ. ಅಂದು ಬುಧವಾರ.

ಹೋದರೆ ಹೋಗಲಿ ಎಂದುಕೊಂಡೆ. ಆದರೂ ಮುರಿದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದೂ ಗಂಟಿಲ್ಲ. ಸಂಶಯ ಬಂದು, ಪುಡಿ ಬೆರೆಸದ ಅವರ ಪಟ್ಟಿಯನ್ನೂ ಎಳೆದೆ, ಅದೂ ಅಷ್ಟೇ ಸುಲಭವಾಗಿ ಮುರಿಯಿತು.

"ಪುಡಿದೇನೂ ತಪ್ಪಿಲ್ಲ. ಕಾಳು ಒಣಗಿಸಿದ್ರಾ?"

ಕರಗಿಸುವ ಮೊದಲು ಪಾಲಿಯೆಸ್ಟರ್ ಕಾಳುಗಳನ್ನು ಆರು ಗಂಟೆ ಓವನ್ನಿನಲ್ಲಿ ಒಣಗಿಸಬೇಕು. ತೇವ ಉಳಿದರೆ ಪ್ಲಾಸ್ಟಿಕ್ಕೇ ಒಳಗೊಳಗೆ ತುಂಡಾಗಿ ಬಲ ಕಳೆದುಕೊಳ್ಳುತ್ತದೆ. ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಅವರ ಕಿವಿ ಕೆಂಪಾಯಿತು. "ಎರಡೇ ಗಂಟೆ."

"ತಲೆಗಿಲೆ ಕೆಟ್ಟಿದೆಯಾ ನಿಮಗೆ?"

"ಆರು ಗಂಟೆ ಒಣಗಿಸಿದ್ರೆ ಪಟ್ಟಿ ರೆಡಿಯಾಗೋದು ಐದೂವರೆಗೆ ಮೇಡಂ. ನೀವು ನಾಲ್ಕಕ್ಕೇ ಹೋಗಿಬಿಡ್ತೀರಿ."

"ಸಂಜೆ ಪಾಳಿಯವರಿಗೆ ಕೊಡಬಹುದಿತ್ತಲ್ಲ?"

ಯಂತ್ರದ ಮೇಲಿದ್ದ ಅವರ ಕಣ್ಣು ಮೆಲ್ಲಗೆ ನನ್ನ ಕಡೆ ತಿರುಗಿತು. "ಅವರ ಹತ್ರ ನನಗೇನು ಕೆಲಸ?"

ಅಬ್ಬಾ! ಎರಡು ತಿಂಗಳ ಶ್ರಮ ನನ್ನ ಮುಖ ನೋಡಲು ನೀರುಪಾಲು. ಕೋಪ ಬಂತು. ಅದಕ್ಕಿಂತ ಹೆಚ್ಚು ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ನಾನು ನಾಲ್ಕಕ್ಕೆ ಹೊರಡುತ್ತಿದ್ದದ್ದು ಅಕ್ಕನ ಮಗಳನ್ನು ಶಾಲೆಯಿಂದ ಕರೆತರಲು. ಅಕ್ಕನಿಗೆ ಫೋನ್ ಮಾಡಿದೆ.

"ನಾಳೆ ಪುಟ್ಟಿನ ನೀನೇ ಕರ್ಕೊಂಡು ಬಾರೇ. ನಂಗೆ ಲೇಟಾಗುತ್ತೆ."

"ಯಾರೇ ಅದು?"

"ಪಾಲಿಯೆಸ್ಟರ್."

"ನನ್ನ ಕಿವಿ ಮೇಲೆ ಹೂ ಇಡಬೇಡ," ಅಂತ ನಕ್ಕಳು.

ಗುರುವಾರ ಐದೂವರೆಗೆ ಅವರು ಹೊಸ ಪಟ್ಟಿ ತಂದರು. ಎಳೆದೆ. ಇಬ್ಬರೂ ಅಂಕಿ ನೋಡುತ್ತಾ ನಿಂತೆವು. ಚೆನ್ನಾಗಿ ಒಣಗಿಸಿದ, ಪುಡಿಯಿಲ್ಲದ ಪಾಲಿಯೆಸ್ಟರ್‌ಗಿಂತ ನೂರಕ್ಕೆ ಹದಿನೆಂಟರಷ್ಟು ಹೆಚ್ಚು ಬಲ ತಡೆದ ಮೇಲೆಯೇ ಅದು ಮುರಿಯಿತು. ಪ್ರಾಜೆಕ್ಟ್ ಉಳಿಯಿತು. ವರದಿಗೆ ಸಹಿ ಹಾಕಿ ಅವರ ಕೈಗಿಟ್ಟೆ.

ಅವರ ಮುಖದಲ್ಲಿ ಗೆದ್ದವರ ಕಳೆಯೇ ಇರಲಿಲ್ಲ.

"ಟೆಸ್ಟ್ ಎಲ್ಲಾ ಮುಗೀತು. ಇನ್ಯಾವ ನೆಪ ಹೇಳ್ಕೊಂಡು ಬರ್ಲಿ?"

"ನೆಪ ಯಾಕೆ? ನಂಗೂ ನೀವಂದ್ರೆ ಇಷ್ಟ," ಅಂದೆ, ಯಂತ್ರದ ಸ್ವಿಚ್ ಆರಿಸುತ್ತಾ. "ಸುಮ್ನೆ ಬನ್ನಿ."