ಸ್ಕ್ರೂವಿನ ಎರಡೂವರೆ ಸುತ್ತು

ಗೋದಾಮಿನ ಶಟರ್ ಮೇಲಕ್ಕೇಳುವ ಸದ್ದು ಕೇಳಿದಾಗ ನನ್ನ ಕೈ ಮೊಣಕೈವರೆಗೆ ನಜ್ಜುಗುಜ್ಜಾದ ಕಾರಿನ ಬಾನೆಟ್ಟಿನೊಳಗಿತ್ತು.

"ಒಳಗೆ ಯಾರೋ ಇದ್ದಾರೆ," ಎಂದಿತು ಒಂದು ದನಿ. ಈ ಬಂಗಾಳಿ ಊರಿನಲ್ಲಿ, ಕನ್ನಡದಲ್ಲಿ.

ರವಿರಾಜ. ಕಾರಿನ ಮಾಲೀಕ.

ಬೆರಳಿಗೆ ಸಿಕ್ಕಿದ್ದು ಹೆಬ್ಬೆರಳಷ್ಟು ದೊಡ್ಡ ಹಿತ್ತಾಳೆ ವಾಲ್ವ್. ನೋಡಲು ಸಮಯವಿಲ್ಲ. ಹೋಸ್ ಕಿತ್ತೆ. ವಾಲ್ವನ್ನು ಪರ್ಸಿಗೆ ಹಾಕಿದೆ. ಹಿಂಬಾಗಿಲಿಗೆ ಓಡಿದೆ.

ನೀವು ಕೇಳಬಹುದು... ವಿಮಾ ಕಂಪನಿಗಳಿಗೆ ಅಪಘಾತದ ತನಿಖೆ ಮಾಡಿಕೊಡುವ ಹೆಂಗಸು ಬೀಗ ಒಡೆದು ಯಾಕೆ ನುಗ್ಗಿದಳು ಎಂದು. ಈ ಕೇಸನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಆ ಕಾರಿನಲ್ಲಿ ಸತ್ತವನು ಅನಂತ. ಫೆಬ್ರವರಿಯಲ್ಲಿ ನಮ್ಮ ಮದುವೆ ಇತ್ತು.

ರವಿರಾಜ ಇಲ್ಲಿನ ಐಟಿ ಬಡಾವಣೆ ಸೆಕ್ಟರ್ ಫೈವ್‌ನಲ್ಲಿ ಕಾಲ್ ಸೆಂಟರ್ ತೆರೆದು ಮೂರೇ ವರ್ಷದಲ್ಲಿ ಮೇಲೆ ಬಂದವನು. ಹದಿನೇಳು ವರ್ಷ ಹಳೆಯ ಜಪಾನೀ ಟರ್ಬೋ ಕಾರಿಗೆ ಇನ್ನಷ್ಟು ಪವರ್ ಬೇಕೆಂದು ಹಟ ಹಿಡಿದಿದ್ದ. ಅನಂತ ಮೆಕ್ಯಾನಿಕ್. ಎಕ್ಸಾಸ್ಟ್ ಬದಲಿಸಿದ, ದೊಡ್ಡ ಇಂಟರ್‌ಕೂಲರ್ ಕೂರಿಸಿದ, ಕೊನೆಗೆ ಈ ವಾಲ್ವ್ ಹಾಕಿದ. ಟರ್ಬೋ ಎಂಜಿನ್ನಿಗೆ ಎಷ್ಟು ಗಾಳಿ ತುಂಬಬೇಕೆಂಬುದನ್ನು ಇದರ ಸ್ಕ್ರೂ ತೀರ್ಮಾನಿಸುತ್ತದೆ. ಒಳಗೆ ತಿರುಗಿಸಿದಷ್ಟೂ ಪವರ್. ಗಾಳಿ ಹೆಚ್ಚಿ ಪೆಟ್ರೋಲ್ ಮೊದಲಿನಷ್ಟೇ ಉಳಿದರೆ ಪಿಸ್ಟನ್ ಕರಗುತ್ತದೆ.

ಕರಗಿತು.

ಕಳೆದ ಬಂದ್ ದಿನ, ರಾಜಾರ್‌ಹಾಟ್‌ನ ಹೊಸ ರಸ್ತೆಯಲ್ಲಿ, ನೂರ ಅರವತ್ತರ ವೇಗದಲ್ಲಿ. ಎಂಜಿನ್ ಜಾಮ್ ಆಯಿತು. ಹಿಂದಿನ ಚಕ್ರಗಳು ಕಚ್ಚಿಕೊಂಡವು. ಕಾರು ಮಗುಚಿ ಕಾಲುವೆಗೆ ಬಿತ್ತು. ಇಂಥ ಕಾರುಗಳನ್ನು ಈ ಊರಿನ ಮೆಕ್ಯಾನಿಕ್‌ಗಳು ಬಂದ್ ದಿನವೇ ಓಡಿಸಿ ನೋಡುವುದು. ಖಾಲಿ ರಸ್ತೆ ಬೇರೆ ಯಾವತ್ತು ಸಿಗುತ್ತದೆ?

ಅದಕ್ಕೂ ಮುಂಚಿನ ಶನಿವಾರ ಅನಂತ ನನ್ನೆದುರೇ ಸ್ಕ್ರೂವನ್ನು ಸುರಕ್ಷಿತ ಮಟ್ಟಕ್ಕೆ ತಂದಿದ್ದ. ಅದರ ಮೇಲೆ ನನ್ನ ಗುಲಾಬಿ ನೇಲ್ ಪಾಲಿಶ್ ಹಚ್ಚಿದ್ದ. ಅದು ಮೆಕ್ಯಾನಿಕ್‌ಗಳ ಸೀಲ್. ಯಾರಾದರೂ ತಿರುಗಿಸಿದರೆ ಒಡೆಯುತ್ತದೆ.

"ಇನ್ನು ಮುಟ್ಟಲ್ಲ. ಪ್ರಾಮಿಸ್," ಅಂದಿದ್ದ. "ರವಿರಾಜ ಕಾಲಿಗೆ ಬಿದ್ರೂ ಮುಟ್ಟಲ್ಲ."

ಹಾಗಾದರೆ ಸೀಲ್ ಒಡೆದದ್ದು ರವಿರಾಜನೇ ಇರಬೇಕು. ಅನಂತ ಹುಚ್ಚು ವೇಗಕ್ಕೆ ಸತ್ತ ಎಂದು ಎಲ್ಲರೂ ಹೇಳಿದರು. ನಂಬದವರು ಇಬ್ಬರೇ. ನಾನು, ಅವನ ತಾಯಿ ಜಲಜಮ್ಮ. ನಾಳೆ ಆಕೆ ರವಿರಾಜನ ಮೇಲೆ ಪೊಲೀಸರಿಗೆ ದೂರು ಕೊಡುವವರಿದ್ದರು. ಒಡೆದ ಸೀಲ್ ಒಂದೇ ಸಾಕ್ಷಿ.

ಇವತ್ತೂ ಬಂದ್. ಟ್ಯಾಕ್ಸಿ ಇಲ್ಲ. ಬಸ್ಸಿಲ್ಲ. ತೋಪ್ಸಿಯಾದ ಓಣಿಗಳಲ್ಲಿ ಓಡಿದೆ. ಹಿಂದೆ ರವಿರಾಜನ ಜೀಪಿನ ಹಾರ್ನ್.

"ದೀದಿ, ದಾಡಾನ್!" ನಿಲ್ಲಿ ಎಂದು ಡ್ರೈವರ್ ಬಂಗಾಳಿಯಲ್ಲಿ ಕೂಗಿದ.

ನಿಲ್ಲಲಿಲ್ಲ.

ದೊಡ್ಡ ರಸ್ತೆಗೆ ಬಂದರೆ ನಟ್ಟನಡುವೆ ಕ್ರಿಕೆಟ್. ಇಟ್ಟಿಗೆಗಳೇ ವಿಕೆಟ್. ಬನಿಯನ್ ತೊಟ್ಟ ಹೊಟ್ಟೆಯ ಗುಮಾಸ್ತರು. ಬದಿಯಲ್ಲಿ ಬಾವುಟ ಹಿಡಿದ ಪಾರ್ಟಿಯವರು. ಪಿಚ್ಚಿನ ಮೇಲೇ ಓಡಿದೆ. ಬೌಲರ್ ಬೈದ.

ಜೀಪ್ ಬಂತು. ಬಾವುಟಗಳು ಅಡ್ಡ ಬಂದವು. ಬಂದ್ ದಿನ ಗಾಡಿ ತೆಗೆಯುವ ಧೈರ್ಯವೇ? ಮೊದಲು ಟೈರಿನ ಗಾಳಿ ಹೋಯಿತು. ಆಮೇಲೆ ಡ್ರೈವರನ ಟೋಪಿ.

ಮುಚ್ಚಿದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ವಾಲ್ವ್ ತೆಗೆದೆ.

ಸೀಲ್ ಒಡೆದಿರಲಿಲ್ಲ.

ಆದರೆ ಅದು ಗುಲಾಬಿಯಲ್ಲ... ಮರೂನ್.

ಶನಿವಾರ ಸ್ಕ್ರೂವಿನ ಐದು ಥ್ರೆಡ್ ಹೊರಗೆ ಕಾಣುತ್ತಿದ್ದವು. ಈಗ ಎರಡೂವರೆ. ಎಣಿಸಿದೆ. ಮತ್ತೆ ಎಣಿಸಿದೆ. ಎರಡೂವರೆ ಸುತ್ತು ಒಳಗೆ ತಿರುಗಿಸಿ, ಹೊಸದಾಗಿ ಸೀಲ್ ಮಾಡಲಾಗಿತ್ತು.

ಆ ಮರೂನ್ ನೇಲ್ ಪಾಲಿಶ್ ಬಾಟಲಿ ನಾನು ಸೋಮವಾರ ಕೊಂಡದ್ದು. ಅಂದು ಸಂಜೆ ಅನಂತ ಜಾದವ್‌ಪುರದ ನನ್ನ ಮನೆಗೆ ಊಟಕ್ಕೆ ಬಂದಿದ್ದ. ಮರುದಿನ ಬಾಟಲಿ ಇರಲಿಲ್ಲ. ಮನೆಗೆಲಸದ ಲೀಲಾಳನ್ನು ಕೇಳಿದೆ. ಕೇಳಿದ ರೀತಿ ಚೆನ್ನಾಗಿರಲಿಲ್ಲ. ಆಕೆ ಅಳುತ್ತಾ ಹೋದಳು. ಬುಧವಾರ ಬಂದ್.

ಅನಂತನಿಗೆ ಗುಲಾಬಿಯೂ ಒಂದೇ, ಮರೂನೂ ಒಂದೇ. ಎರಡನ್ನೂ ಕೆಂಪು ಅನ್ನುತ್ತಿದ್ದ. ನಾನು ಬಗ್ಗಿ ನೋಡಿದರೂ ಗೊತ್ತಾಗಲಾರದು ಎಂದುಕೊಂಡಿರಬೇಕು.

ಮೆಟ್ಟಿಲ ಮೇಲೆ ನೆರಳು ಬಿತ್ತು. ರವಿರಾಜ ನಡೆದೇ ಬಂದಿದ್ದ. ಅಂಗಿಯ ಕಾಲರ್ ಹರಿದಿತ್ತು.

"ಕೊಡಿ ಮೇಡಂ. ಇಲ್ಲಾಂದ್ರೆ ಕಿತ್ಕೊಳ್ಳೋದು ಗೊತ್ತು."

"ನಿಮ್ಮ ತಪ್ಪಿಲ್ಲ ಅಂತ ಇದರಲ್ಲಿದೆ. ಆದರೂ ಬೇಕಾ?"

"ವಾಟ್?"

"ತಿರುಗಿಸಿದ್ದು ಅನಂತ."

ಅವನು ಪಕ್ಕದಲ್ಲಿ ಕುಳಿತ.

"ಡೈಲಿ ಫೋನ್ ಮಾಡ್ತಿದ್ದೆ. ಇನ್ನೂ ಪವರ್ ಬೇಕು ಯಾರ್ ಅಂತ. ನೋ ಅಂತಿದ್ದ. ಮಂಗಳವಾರ ಅವನೇ ಕಾಲ್ ಮಾಡ್ದ. ಒಂದೇ ಸಲ ಫುಲ್ ಓಡಿಸಿ ನೋಡ್ತೀನಿ, ಆಮೇಲೆ ಇಳಿಸಿಬಿಡ್ತೀನಿ ಅಂದ. ವೈಷ್ಣವಿಗೆ ಹೇಳ್ಬೇಡ ಅಂದ."

ವೈಷ್ಣವಿ ಎಂದರೆ ನಾನು.

"ನೀವು ಹೇಳಲಿಲ್ಲ," ಅಂದೆ.

"ಸಾರಿ... ಈ ವಾಲ್ವ್ ಸಿಕ್ರೆ ನಂಗೆ ಜೈಲು ಅಂದ್ಕೊಂಡಿದ್ದೆ."

ನಾನೂ ಹಾಗೇ ಅಂದುಕೊಂಡಿದ್ದೆ.

ಲೇಕ್ ಮಾರ್ಕೆಟ್‌ವರೆಗೆ ನಡೆದೆ. ದಾರಿಯುದ್ದಕ್ಕೂ ಹೆಬ್ಬೆರಳ ಉಗುರು ಆ ಮರೂನ್ ಬಣ್ಣದ ಮೇಲೇ ಇತ್ತು. ಒಂದು ಸಲ ಕೆರೆದರೆ ಸಾಕು. ಸೀಲ್ ಒಡೆದಿತ್ತು ಎನ್ನಬಹುದು. ರವಿರಾಜ ಒಳಗೆ ಹೋಗುತ್ತಾನೆ. ಅನಂತ ಮಾತಿಗೆ ತಪ್ಪದವನಾಗಿ ಉಳಿಯುತ್ತಾನೆ.

ಜಲಜಮ್ಮನ ಊಟದ ಹೋಟೆಲಿನ ಶಟರ್ ಅರ್ಧ ತೆರೆದಿತ್ತು. ಬಗ್ಗಿ ಒಳಗೆ ಹೋದೆ. ದೂರಿನ ಕಾಗದ ಮೇಜಿನ ಮೇಲಿತ್ತು. ಸಹಿಯೊಂದೇ ಬಾಕಿ.

"ಎಂತ ಆಯ್ತು ಮಗಾ? ಸಿಕ್ಕಿತಾ?"

ವಾಲ್ವನ್ನು ಕಾಗದದ ಮೇಲಿಟ್ಟೆ. ಬಣ್ಣ ಹಾಗೇ ಇತ್ತು.

"ರವಿರಾಜ ಅಲ್ಲ ಅಮ್ಮಾ."

"ಮತ್ತೆ ಯಾರು?"

ನಾನು ಮರೂನ್ ಸೀಲಿನ ಮೇಲೆ ಬೆರಳಿಟ್ಟೆ. ಆಕೆ ನನ್ನ ಮುಖವನ್ನೇ ನೋಡಿದರು.

"ಮುಟ್ಟುದಿಲ್ಲ ಅಂತ ನಿನಗೆ ಮಾತು ಕೊಟ್ಟಿದ್ದ ಅಲ್ವಾ?"

"ಕೊಟ್ಟಿದ್ದ."

"ನೀನು ನಂಬಿದ್ಯಾ?"

"ನಂಬಿದೆ."

"ನಂಗೂ ಕೊಟ್ಟಿದ್ದ ಮಾರಾಯ್ತಿ. ನನ್ನ ತಲೆ ಮೇಲೆ ಕೈಯಿಟ್ಟು."

ದೂರನ್ನು ನಾಲ್ಕಾಗಿ ಮಡಚಿ ಒಲೆಗೆ ಹಾಕಿದರು. ಅದು ಪೂರ್ತಿ ಉರಿಯುವವರೆಗೆ ನಿಂತಿದ್ದರು. ಆಮೇಲೆ ಎಲೆ ಹಾಕಿದರು.

"ಕೂತ್ಕೊ. ಊಟ ಮಾಡು."

ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದರು. ನಾನು ಹೇಳಲಿಲ್ಲ. ಒಂದು ದಿನಕ್ಕೆ ಒಂದು ಸತ್ಯ ಸಾಕು.