ಬೆಲ್ಲನಿಗೆ ಚೈನು ಬೇಡ

"ನಾಯಿ ಹಿಡೀರಿ ಮಾರಾಯ್ರೆ... ದಮ್ಮಯ್ಯ, ಯಾರಾದ್ರೂ ಆ ನಾಯಿ ಹಿಡೀರಿ!"

ಬೆಳಗಿನ ಆರೂವರೆಗೆ ಎರ್ನಾಕುಳಂ ಬಳಿಯ ಕಳಮಶ್ಶೇರಿಯ ಕ್ಯಾಂಪಸ್ ರಸ್ತೆಯಲ್ಲಿ, ಹೈಕೋರ್ಟಿನ ವಕೀಲೆಯೊಬ್ಬಳು ಕಲ್ಲುಬೆಂಚಿನ ಮೇಲೆ ಹತ್ತಿ ನಿಂತು, ಕೈಯಲ್ಲೊಂದು ಚಪ್ಪಲಿ ಎತ್ತಿ ಹಿಡಿದು ಹೀಗೆ ಕೂಗಿದರೆ ನೋಡಿದವರು ಏನೆಂದುಕೊಳ್ಳಬೇಕು? ಎದುರಿಗಿದ್ದ ನಾಯಿ ಬೊಗಳುತ್ತಲೂ ಇರಲಿಲ್ಲ. ಬೆಲ್ಲದ ಬಣ್ಣದ ಆ ನಾಯಿ ನಾಲ್ಕು ಹೆಜ್ಜೆ ದೂರದಲ್ಲಿ ಕುಳಿತು, ತಲೆ ಓರೆ ಮಾಡಿಕೊಂಡು ಅವಳನ್ನೇ ನೋಡುತ್ತಿತ್ತು.

ನಿಶ್ಮಿತಾಳಿಗೆ ಅದನ್ನೆಲ್ಲ ಗಮನಿಸುವ ಸ್ಥಿತಿ ಇರಲಿಲ್ಲ. ಏಳನೇ ವಯಸ್ಸಿನಲ್ಲಿ ಕಾಸರಗೋಡಿನ ಶಾಲೆಯ ದಾರಿಯಲ್ಲಿ ನಾಯಿ ಕಚ್ಚಿಸಿಕೊಂಡು, ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡವಳು ಅವಳು.

"ಬೆಲ್ಲ, ಬಾ ಇಲ್ಲಿ."

ಗಂಡುದನಿ. ಮೆಲ್ಲಗೆ ಕರೆದದ್ದು. ನಾಯಿ ಎದ್ದು ಬಾಲ ಆಡಿಸುತ್ತಾ ಹೊರಟುಹೋಯಿತು.

ನಿಶ್ಮಿತಾ ಚಪ್ಪಲಿ ಇಳಿಸಿದಳು. 'ಕನ್ನಡ... ಇವನು ಕನ್ನಡ ಮಾತಾಡಿದ್ನಾ?' ಎರ್ನಾಕುಳಕ್ಕೆ ಬಂದು ಎಂಟು ತಿಂಗಳಾಗಿತ್ತು. ಹಾಸ್ಟೆಲಿನಲ್ಲಿ ಮಲಯಾಳಂ, ಕೋರ್ಟಿನಲ್ಲಿ ಇಂಗ್ಲಿಷು. ಫೋನಿನಾಚೆಯ ಅಮ್ಮನನ್ನು ಬಿಟ್ಟರೆ ಕನ್ನಡ ಅವಳ ಕಿವಿಗೆ ಬಿದ್ದದ್ದು ಅಂದೇ. ಸಂತೋಷ ಆಗಬೇಕಿತ್ತು. ಆದರೆ ಬೆಂಚಿನ ಮೇಲೆ ನಿಂತವರಿಗೆ ಮೊದಲು ಬರುವುದು ಸಿಟ್ಟು.

"ನಾಯಿಯನ್ನು ಚೈನು ಇಲ್ಲದೆ ಬಿಡೋದಾ ನೀವು?"

"ಅವನೇನೂ ಮಾಡಲ್ಲ ರೀ."

"ಎಲ್ಲರೂ ಹಾಗೇ ಹೇಳೋದು. ನಿಮಗೆ ನಂಬಿಕೆ ಉಂಟು, ಸರಿ. ನಾನು ಎಂತ ನೋಡಿ ನಂಬಬೇಕು?"

ಉತ್ತರ ಆ ಯುವಕನ ಹಿಂದಿನಿಂದ ನಿಧಾನವಾಗಿ ನಡೆದು ಬರುತ್ತಿತ್ತು... ಎಡಗೈಯಲ್ಲಿ ಊರುಗೋಲು, ಬಲಗೈ ಸುಮ್ಮನೆ ಸೆರಗಿನ ಮೇಲೆ. ಅರವತ್ತರ ಆಸುಪಾಸಿನ ಹೆಂಗಸು.

"ಕೆಳಗಿಳಿಯಮ್ಮ, ಬಿದ್ದುಬಿಟ್ಟೀಯ," ಎಂದರು ಆಕೆ. "ತಪ್ಪು ನಮ್ಮದೇ. ಆದ್ರೆ ನನಗೆ ಸ್ಟ್ರೋಕ್ ಆದಮೇಲೆ ಈ ಬಲಗೈಗೆ ಹಿಡಿತ ಇಲ್ಲ. ಎಡಗೈಗೆ ಕೋಲು ಬೇಕು. ಚೈನು ಎಲ್ಲಿ ಹಿಡೀಲಿ ಹೇಳು? ಎಂಟು ತಿಂಗಳು ಕೂತು ಕಲಿಸಿದೀನಿ ಇವನಿಗೆ, ನನ್ನ ಎಡಗಾಲು ಬಿಟ್ಟು ಹೋಗಬಾರದು ಅಂತ. ಇವತ್ತು ನಿನ್ನ ನೋಡೋಕೆ ಯಾಕೋ ಓಡಿಬಂದ."

ನಿಶ್ಮಿತಾ ಇಳಿದಳು. ನಾಚಿಕೆಯಿಂದ ಮುಖ ಕೆಂಪಾಗಿತ್ತು.

ಅಲ್ಲಿಂದ ನಾಲ್ಕು ತಿಂಗಳು, ಮಳೆ ಬಾರದ ದಿನವೆಲ್ಲ, ಆ ಬೆಂಚಿನ ಬಳಿ ಅವರ ಭೇಟಿ. ಯುವಕನ ಹೆಸರು ವಿನಯ್, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಮೂಲ ಮೈಸೂರು. ತಂದೆ ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು, ಈಗಿಲ್ಲ. ಅಲ್ಲಿನ ಕಳಕ್ಕೂಟಂ ಬಳಿಯ ಸ್ವಂತ ಮನೆಗೆ ಬೀಗ ಹಾಕಿ ತಾಯಿ ಮಗನ ಜೊತೆಗಿದ್ದರು.

ಅವನ ಅಮ್ಮ ಬರುವಾಗಲೆಲ್ಲ ಡಬ್ಬಿಯಲ್ಲಿ ಏನಾದರೂ ತರುತ್ತಿದ್ದರು. ಗೊಜ್ಜವಲಕ್ಕಿ, ಅಕ್ಕಿತರಿ ಉಪ್ಪಿಟ್ಟು. ಹಾಸ್ಟೆಲಿನ ಪುಟ್ಟು ತಿಂದು ನಾಲಿಗೆ ಸತ್ತವಳಿಗೆ ಅದು ಹಬ್ಬ. ತಿನ್ನುತ್ತಾ ತಿನ್ನುತ್ತಾ ಅವಳಿಗೇ ತಿಳಿಯದಂತೆ ಬೆಲ್ಲನ ತಲೆ ಅವಳ ಮೊಣಕಾಲಿನ ಮೇಲೆ ಬಂದು ಕುಳಿತಿತು. ಹದಿನಾಲ್ಕು ಇಂಜೆಕ್ಷನ್ನಿನ ಭಯ ಹೀಗೆ ಉಪ್ಪಿಟ್ಟಿನ ನಡುವೆ ಇಳಿದುಹೋಯಿತು. ಎಷ್ಟು ಋಣ ಈ ಅಮ್ಮನದು ಎಂದು ಅವಳು ದಿನಾ ಬಸ್ಸಿನಲ್ಲಿ ಕುಳಿತು ನೆನೆಯುತ್ತಿದ್ದಳು.

ವಿನಯ್‌ನನ್ನೂ ನೆನೆಯುತ್ತಿದ್ದಳು. ಅದನ್ನು ಮಾತ್ರ ಯಾರಿಗೂ ಹೇಳುವ ಧೈರ್ಯ ಇರಲಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಾಲ್ಕು ತಿಂಗಳು ಕೈತುತ್ತು ತಿಂದರೂ ನಿಶ್ಮಿತಾ ಆ ಅಮ್ಮನ ಹೆಸರು ಕೇಳಿರಲಿಲ್ಲ. ಹಿರಿಯ ಹೆಂಗಸನ್ನು ನಿಮ್ಮ ಹೆಸರೇನು ಎಂದು ಕೇಳುವುದು ನಮ್ಮ ಕಡೆ ಯಾರಿಗೆ ಬಾಯಿ ಬರುತ್ತದೆ? 'ಅಮ್ಮ' ಎಂದರೆ ಮುಗಿಯಿತು. ಮದುವೆಯಾಗದ ಹುಡುಗನ ಮನೆ ಎಲ್ಲಿ ಎಂದೂ ಅವಳು ಕೇಳಲಿಲ್ಲ. ಕಾಲೇಜಿನ ಕ್ವಾರ್ಟರ್ಸ್ ಇರಬೇಕು ಎಂದುಕೊಂಡಿದ್ದಳು.

ಆ ಸಂಕೋಚವೇ ಮುಳುವಾಯಿತು.

ಅಕ್ಟೋಬರಿನ ಒಂದು ಮಧ್ಯಾಹ್ನ ಅವಳ ಸೀನಿಯರ್ ಜುಬೈದಾ ಮೇಡಂ ಒಂದು ದೂರು ತಂದು ಮೇಜಿನ ಮೇಲಿಟ್ಟರು. "ಫ್ಲಾಟಿನ ಸಂಘದವರದು ಮಗಳೇ. ಎರಡನೇ ಮಹಡಿಯ ಒಬ್ಬ ಹೆಂಗಸು ನಾಯಿಯನ್ನು ಚೈನಿಲ್ಲದೆ ಓಡಾಡಿಸುತ್ತಾಳಂತೆ. ನೋಟಿಸು ಬರೆದು, ನನ್ನ ಪರವಾಗಿ ನೀನೇ ಸಹಿ ಹಾಕಿ ಕಳಿಸು. ನನಗೆ ಕೋರ್ಟಿದೆ."

ಜೂನಿಯರುಗಳು ನೋಟಿಸು ಬರೆಯುವ ರೀತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಕಪಾಟಿನಿಂದ ಹಳೆಯದೊಂದನ್ನು ತೆಗೆದು, ಹೆಸರು ವಿಳಾಸ ಬದಲಿಸಿ, ಉಳಿದದ್ದನ್ನು ಹಾಗೇ ಇಳಿಸುವುದು. ಆ ಹಳೆಯ ನೋಟಿಸಿನ ನಾಯಿ ಮೂವರನ್ನು ಕಚ್ಚಿತ್ತು. ಹೀಗಾಗಿ ಈ ನಾಯಿಯೂ 'ಕ್ರೂರ ಸ್ವಭಾವದ, ನಂಬಲಾಗದ ಪ್ರಾಣಿ' ಆಯಿತು. ಏಳು ದಿನದೊಳಗೆ ಚೈನು ಹಾಕಿ, ಇಲ್ಲವೇ ನಾಯಿಯನ್ನು ಹೊರಗೆ ಸಾಗಿಸಿ. ಶ್ರೀಮತಿ ಇಂದುಮತಿ ಎಂಬ ಹೆಸರಿಗೆ ರಿಜಿಸ್ಟರ್ ಅಂಚೆ ಹೋಯಿತು. ಯಾರೋ ಇಂದುಮತಿ! ನಿಶ್ಮಿತಾ ಚಹಾ ಕುಡಿಯಲು ಎದ್ದಳು.

ಮುಂದಿನ ವಾರ ಮೂರು ದಿನ ಬೆಂಚಿನ ಬಳಿ ಯಾರೂ ಬರಲಿಲ್ಲ. ನಾಲ್ಕನೇ ದಿನ ವಿನಯ್ ಒಬ್ಬನೇ ಬಂದ.

"ಅಮ್ಮ ಎಲ್ಲಿ? ಹುಷಾರಿಲ್ವಾ?"

ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದು ಅವಳ ಕೈಗಿತ್ತ. "ಇದು ನಿಮ್ಮ ಸಹೀನಾ?"

ಅವಳು ಓದಿದಳು. ತನ್ನದೇ ಅಕ್ಷರ. ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದಳು.

"ಇಂದುಮತಿ ಅಂದ್ರೆ... ಅಮ್ಮನಾ?"

"ನೋಟಿಸು ನೋಡಿ ಹೆದರಿದ್ರು. ನಾಯೀನ ಎಲ್ಲಿ ಎತ್ಕೊಂಡು ಹೋಗ್ತಾರೋ ಅಂತ. ಮಾರನೇ ದಿನಾನೇ ಬೆಲ್ಲನಿಗೆ ಚೈನು ಹಾಕಿ, ಇನ್ನೊಂದು ತುದೀನ ಬಲಗೈಗೆ ಸುತ್ತಿಕೊಂಡು ಹೊರಟರು. ಗೇಟಿನ ಹತ್ತಿರ ಬಸ್ಸು ಹಾರ್ನ್ ಹೊಡೀತು. ಅವನು ಬೆಚ್ಚಿ ಹಾರಿದ. ಅಮ್ಮ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿದೆ."

"ವಿನಯ್, ನನಗೆ ಖಂಡಿತ ಗೊತ್ತಿರ್ಲಿಲ್ಲ..."

"ನಂಬಲಾಗದ ಪ್ರಾಣಿ ಅಂತ ಬರೆದಿದ್ದೀರಿ. ನಿಮ್ಮ ಮಡಿಲಲ್ಲಿ ತಲೆ ಇಟ್ಟು ಮಲಗ್ತಿದ್ದವನು. ಅಮ್ಮನ್ನ ತಿರುವನಂತಪುರಕ್ಕೆ ಕರ್ಕೊಂಡು ಹೋಗ್ತಿದೀನಿ. ಬರ್ತೀನಿ."

'ಬರ್ತೀನಿ' ಎಂದವನು ತಿರುಗಿಯೂ ನೋಡಲಿಲ್ಲ. ಫೋನು ಎತ್ತಲಿಲ್ಲ. ನಿಶ್ಮಿತಾ ದಿನಾ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದಳು. ಅನ್ನ ಹಾಕಿದ ಕೈಯನ್ನೇ ಮುರಿದೆನಲ್ಲ ಎಂಬ ಒಂದೇ ಮಾತು, ಕೋರ್ಟಿನಲ್ಲೂ ಬಸ್ಸಿನಲ್ಲೂ.

ಅತ್ತು ಕೂತರೆ ಅಮ್ಮನ ಕೈ ಕೂಡುತ್ತದೆಯೇ? ಹತ್ತನೇ ದಿನ ಅವಳು ಜುಬೈದಾ ಮೇಡಂ ಎದುರು ನಿಂತು ಎಲ್ಲ ಹೇಳಿದಳು. ಕೆಲಸ ಹೋದರೂ ಹೋಗಲಿ ಎಂದೇ ಬಂದಿದ್ದಳು.

ಮೇಡಂ ಕನ್ನಡಕ ತೆಗೆದರು. "ನಾಯಿ ನೋಡದೆ ಕ್ರೂರ ಅಂತ ಬರೆದೆ. ನಾನು ಓದದೆ ಕಳಿಸಲು ಬಿಟ್ಟೆ. ಸಂಘದ ಫೈಲು ವಾಪಸು ಕೊಟ್ಟುಬಿಡೋಣ. ಆದರೂ ನಮ್ಮ ಕಕ್ಷಿದಾರರಾಗಿದ್ದವರು, ಅವರ ವಿರುದ್ಧ ವಾದಿಸುವ ಹಾಗಿಲ್ಲ ನೀನು. ಕ್ಷಮೆ ಕೇಳೋದಾದರೆ ಹೋಗಿ ಕೇಳು, ಅದಕ್ಕೆ ವಕಾಲತ್ತು ಬೇಕಿಲ್ಲ."

ಭಾನುವಾರ ಸಂಘದವರು ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಸೇರಿದ್ದರು. ಕಾರ್ಯದರ್ಶಿ ಕೃಷ್ಣಾನಂದ ಅವರು ಅನುಮಾನದಿಂದಲೇ ಐದು ನಿಮಿಷ ಕೊಟ್ಟರು. ನಿಶ್ಮಿತಾ ಎದ್ದು ನಿಂತಳು.

"ಆ ನೋಟಿಸು ಬರೆದವಳು ನಾನು. ನಾಯಿಯ ಬಗ್ಗೆ ವಿಚಾರಿಸದೆ ಬರೆದೆ, ತಪ್ಪಾಯಿತು. ನಿಮ್ಮಲ್ಲಿ ಯಾರನ್ನಾದರೂ ಅದು ಕಚ್ಚಿದೆಯಾ?"

ಹಿಂದಿನ ಕುರ್ಚಿಯಿಂದ ಒಬ್ಬ ತಾಯಿ, "ಕಚ್ಚಿಲ್ಲ. ಆದರೆ ನನ್ನ ಮಗಳು ಮೆಟ್ಟಿಲಲ್ಲಿ ಅದನ್ನು ನೋಡಿ ಅಳುತ್ತಾಳೆ," ಎಂದಳು.

"ನಾನೂ ಅತ್ತಿದ್ದೆ. ಆ ಭಯ ಸುಳ್ಳಲ್ಲ," ಎಂದಳು ನಿಶ್ಮಿತಾ. ಆಮೇಲೆ ಅಮ್ಮನ ಬಲಗೈಯ ಕಥೆ ಹೇಳಿದಳು. ಕೋಲಿನದು, ಎಂಟು ತಿಂಗಳ ಪಾಠದ್ದು, ಗೇಟಿನ ಬಳಿ ಬಿದ್ದದ್ದು. ಹೇಳುತ್ತಾ ಕಣ್ಣು ತುಂಬಿಬಂತು, ಒರೆಸಿಕೊಳ್ಳಲಿಲ್ಲ.

ಕೃಷ್ಣಾನಂದರು ಕುರ್ಚಿ ಸರಿಸಿ ಎದ್ದರು. "ಎರಡು ವರ್ಷದಿಂದ ಒಂದೇ ಮೆಟ್ಟಿಲು ಹತ್ತುತ್ತೇವೆ. ಅವರ ಕೈ ಹೀಗೆ ಅಂತ ನಮಗೂ ಗೊತ್ತಿರಲಿಲ್ಲ," ಎಂದರು. ಅಲ್ಲೇ ತೀರ್ಮಾನವಾಗಿ ಕಾಗದಕ್ಕೂ ಇಳಿಯಿತು. ಮೆಟ್ಟಿಲಲ್ಲಿ, ಗೇಟಿನಲ್ಲಿ, ದೊಡ್ಡ ರಸ್ತೆಯಲ್ಲಿ ಚೈನು ಇರಲೇಬೇಕು, ಆದರೆ ಕೈಯಲ್ಲಿ ಬಲ ಇರುವವರು ಹಿಡಿಯಬೇಕು. ಹಿತ್ತಲಿನ ಜಾಗದಲ್ಲಿ ಬೆಳಗ್ಗೆ ಏಳರವರೆಗೆ ನಾಯಿ ಬಿಡಬಹುದು. ವಿನಯ್ ಇಲ್ಲದ ದಿನ ಹಿಡಿದುಕೊಳ್ಳಲು ಕೃಷ್ಣಾನಂದರೇ ಒಪ್ಪಿದರು.

ಕೃಷ್ಣಾನಂದರಿಂದ ವಿಳಾಸ ಪಡೆದು, ಆ ಕಾಗದ ಹಿಡಿದು ಮುಂದಿನ ಶನಿವಾರ ನಿಶ್ಮಿತಾ ತಿರುವನಂತಪುರದ ರೈಲು ಹತ್ತಿದಳು. 'ಬಾಗಿಲು ತೆರೆಯದಿದ್ದರೆ? ಮುಖ ನೋಡದಿದ್ದರೆ?' ಕೊಲ್ಲಂ ದಾಟುವವರೆಗೆ ಅದೇ ಯೋಚನೆ. ಮುಖ ನೋಡದಿದ್ದರೆ ಕಾಗದ ಗೇಟಿಗೆ ಸಿಕ್ಕಿಸಿ ಬರುವುದು ಎಂದು ಗಟ್ಟಿಮಾಡಿಕೊಂಡಳು.

ಬಾಗಿಲು ತೆರೆದದ್ದು ಅಮ್ಮ. ಬಲಗೈಗೆ ಬಿಳಿ ಕಟ್ಟು. ನಿಶ್ಮಿತಾ ಬಗ್ಗಿ ಅವರ ಪಾದ ಮುಟ್ಟಿದಳು.

"ಏಳಮ್ಮ. ಕೃಷ್ಣಾನಂದ ಮೊನ್ನೆ ಫೋನ್ ಮಾಡಿದ್ರು. ಎಲ್ಲ ಹೇಳಿದ್ರು." ಅಮ್ಮ ಎಡಗೈಯಿಂದ ಅವಳ ಕೆನ್ನೆ ಒರೆಸಿದರು. "ಮೂವತ್ತು ವರ್ಷ ಆಯ್ತು ಈ ನಾಡಿಗೆ ಬಂದು. ನನಗೋಸ್ಕರ ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಿದವಳು ನೀನೇ ಮೊದಲು. ನಾನು ನಿನಗೆ ಥ್ಯಾಂಕ್ಸ್ ಹೇಳಬೇಕು, ನೀನು ಕಾಲಿಗೆ ಬೀಳ್ತೀಯಲ್ಲ."

"ನಿಮ್ಮ ಹೆಸರು ಕೂಡ ಕೇಳಿರ್ಲಿಲ್ಲ ಅಮ್ಮ ನಾನು."

"ನಾನೇನು ನಿನ್ನ ಮನೆತನ ಕೇಳಿದ್ನಾ? ಇಬ್ಬರೂ ಉಪ್ಪಿಟ್ಟಿನಲ್ಲಿ ಮುಳುಗಿದ್ವಿ." ಅಮ್ಮ ನಕ್ಕರು. ಆಮೇಲೆ ದನಿ ತಗ್ಗಿಸಿ, "ವಿನಯ್ ಬೆಲ್ಲನ್ನ ಕರ್ಕೊಂಡು ಶಂಖುಮುಖಂ ಬೀಚಿಗೆ ಹೋಗಿದಾನೆ. ನೀನೂ ಹೋಗು. ಅವನು ನಿನಗೊಂದು ವಿಷಯ ಹೇಳಬೇಕು. ನಾನು ಹೇಳಲ್ಲ, ಅವನ ಬಾಯಿಂದಲೇ ಬರಲಿ," ಎಂದರು.

ಸಂಜೆಯ ಬಿಸಿಲಿಳಿದ ಮರಳಿನಲ್ಲಿ ಜನ ಗುಂಪುಗುಂಪಾಗಿ ಕುಳಿತಿದ್ದರು. ವಿನಯ್ ದೂರದಲ್ಲಿ, ಜನರಿಲ್ಲದ ಕಡೆ ನಿಂತಿದ್ದ. ಚೈನು ಅವನ ಕೈಯಲ್ಲೇ ಜೋತುಬಿದ್ದಿತ್ತು. ಬೆಲ್ಲ ಮೀನಿನ ಬಲೆಯೊಂದರ ಬಳಿ ಮೂಸುತ್ತಿದ್ದ.

"ಬೆಲ್ಲ, ಬಾ," ಎಂದ ವಿನಯ್. ಬೆಲ್ಲ ಬರಲಿಲ್ಲ. ಮತ್ತೆ ಕರೆದ. ಮೂರನೇ ಸಲಕ್ಕೆ ಒಲ್ಲದ ಮನಸ್ಸಿನಿಂದ ಎರಡು ಹೆಜ್ಜೆ ಇಟ್ಟವನು ನಿಶ್ಮಿತಾಳನ್ನು ಕಂಡದ್ದೇ ಓಡಿಬಂದು ಅವಳ ಚೂಡಿದಾರದ ತುಂಬ ಮರಳು ಮಾಡಿದ.

ವಿನಯ್ ಅವಳನ್ನು ನೋಡಿ ಹತ್ತಿರ ಬಂದ.

"ಮೀನು ಕಂಡ್ರೆ ಇವನನ್ನೂ ನಂಬೋಕಾಗಲ್ಲ," ಎಂದ.

"ಅದಕ್ಕೇ ಚೈನು ಕೈಯಲ್ಲಿ ಇಟ್ಟುಕೊಂಡದ್ದಾ?"

"ರಸ್ತೆ ದಾಟೋವರೆಗೂ ಹಾಕಿರ್ತೀನಿ. ಮರಳಿಗೆ ಬಂದಮೇಲೆ ಬಿಡ್ತೀನಿ." ಅವನು ಕಡಲಿನ ಕಡೆ ತಿರುಗಿದ. "ನಿಶ್ಮಿತಾ, ಆ ಬೆಳಗ್ಗೆ... ಅಮ್ಮ ಚೈನು ಸುತ್ತಿಕೊಂಡು ಹೊರಟರು ಅಂದೆನಲ್ಲ. ಒಂದು ಕೈಯಿಂದ ಚೈನು ಸುತ್ತಿಕೊಳ್ಳೋಕೆ ಆಗುತ್ತಾ ಯಾರಿಗಾದರೂ?"

ಅವಳು ಅವನ ಕೈಯಲ್ಲಿದ್ದ ಚೈನನ್ನು ನೋಡಿದಳು.

"ಸುತ್ತಿದ್ದು ನಾನು. 'ಇವತ್ತು ನೀನೂ ಬಾರೋ, ಭಯ ಆಗುತ್ತೆ' ಅಂದ್ರು. ಕಾಲೇಜಿಗೆ ಲೇಟಾಗುತ್ತೆ ಅಂತ ಸಿಡುಕಿದೆ. ಅವರ ಬಲಗೈಗೆ ಎರಡು ಸುತ್ತು ಹಾಕಿ ಗಂಟು ಬಿಗಿದು, ಬೈಕ್ ಹತ್ತಿ ಹೋದೆ. ಆ ಗಂಟು ಇಲ್ಲದಿದ್ರೆ ಚೈನು ಜಾರಿಹೋಗ್ತಿತ್ತು, ಅಮ್ಮ ಬೀಳ್ತಿರಲಿಲ್ಲ. ಅದನ್ನ ನನ್ನ ತಲೆ ಮೇಲೆ ಹೊತ್ಕೊಳ್ಳೋ ಶಕ್ತಿ ಇರಲಿಲ್ಲ. ನಿಮ್ಮ ಸಹಿ ಕಾಣಿಸ್ತು... ಎಲ್ಲಾ ನಿಮ್ಮ ಮೇಲೆ ಹಾಕಿದೆ."

ನಿಶ್ಮಿತಾಳಿಗೆ ಸಿಟ್ಟು ಬಂತು. ಬರಬೇಕಾದದ್ದೇ. ಆದರೆ ಅದರ ಬೆನ್ನಿಗೇ ಎದೆಯ ಮೇಲಿದ್ದ ಭಾರದಲ್ಲಿ ಅರ್ಧ ಇಳಿದು, ಆ ಅರ್ಧವನ್ನು ಹೊತ್ತು ನಿಂತವನ ಮೇಲೆ ಮರುಕ ಹುಟ್ಟಿತು. ಹೇಳದೆ ಇದ್ದಿದ್ದರೆ ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಹೇಳಿದನಲ್ಲ, ಅದಕ್ಕೆ ಅವಳ ಮನಸ್ಸು ಅವನಿಗೆ ಕೈಮುಗಿಯಿತು.

"ನೀವು ಬಂದ್ರಲ್ಲ, ಅಷ್ಟೇ ಸಾಕು," ಎಂದ ವಿನಯ್. "ಕ್ಷಮಿಸಿ ಅಂತ ಕೇಳೋ ಯೋಗ್ಯತೆ ನನಗಿಲ್ಲ. ಆದರೆ ನೀವಿಲ್ಲದ ಬೆಳಗ್ಗೆ ನನಗೆ ಬೇಡ ನಿಶ್ಮಿತಾ. ಇಷ್ಟು ದಿನ ಅದೇ ಬಾಯಿಗೆ ಬರ್ತಿರಲಿಲ್ಲ."

ಅವಳು ಮರಳ ಮೇಲೆ ಕುಳಿತುಬಿಟ್ಟಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು, ಎರಡನ್ನೂ ತಡೆಯುವ ಗೋಜಿಗೆ ಹೋಗಲಿಲ್ಲ.

"ಹದಿನೇಳು ದಿನ ಆಯ್ತು, ನಾನು ಸರಿ ಊಟ ಮಾಡ್ಲಿಲ್ಲ. ಗೊತ್ತುಂಟಾ ನಿಮಗೆ?"

"ಇಲ್ಲ..."

"ಈಗ ಹಸಿವಾಗ್ತಾ ಉಂಟು."

ವಿನಯ್ ಕೈ ಚಾಚಿದ. "ಮನೆಗೆ ಹೋಗೋಣ. ಅಮ್ಮನ ಕೈ ಆಗಲ್ಲ, ಅಡುಗೆ ನನ್ನದೇ. ಹೇಗಿದ್ರೂ ತಿನ್ನಬೇಕು."

"ಇವತ್ತು ಒಂದು ದಿನ ತಾನೆ? ತಿನ್ತೇನೆ."

"ಒಂದು ದಿನಕ್ಕೆ ಕರೀತಿಲ್ಲ ನಾನು."

ನಿಶ್ಮಿತಾ ಅವನ ಕೈ ಹಿಡಿದು ಎದ್ದಳು. ಎದ್ದ ಮೇಲೂ ಬಿಡಲಿಲ್ಲ.

"ಹಾಗಾದ್ರೆ ಉಪ್ಪು ಸರಿ ಹಾಕ್ಲಿಕ್ಕೆ ಕಲೀರಿ," ಎಂದಳು ಮೆಲ್ಲಗೆ.