ಉಪ್ಪುನೀರಿನ ಕೊಡ

"ಮುಟ್ಟಬೇಡಿ...! ಕೈ ತೆಗೀರಿ!"

ರಂಜನಿಯ ಕೂಗಿಗೆ, ಕೆಂಪು ಮುರಕಲ್ಲಿನ ಬಯಲಿನಲ್ಲಿ ಮೊಣಕಾಲೂರಿ ಕುಳಿತಿದ್ದ ಗಂಡಸು ಬೆಚ್ಚಿಬಿದ್ದ. ಅವಳು ನೆಲಕ್ಕೆ ಹೊಡೆದಿದ್ದ ಕಬ್ಬಿಣದ ಗೂಟದಿಂದ ವಯರಿನ ಕ್ಲಿಪ್ಪು ಕಳಚಿತ್ತು. ಅವನ ಕೈಯಲ್ಲೊಂದು ಕಲ್ಲಿನ ಚೂರು.

"ಕರೆಂಟಿನ ಪೆಟ್ಟಿಗೆ ಆನ್ ಉಂಟು! ಶಾಕ್ ಹೊಡೆದರೆ? ಯಾರು ನೀವು?"

"ಗುಣಪಾಲ... ಪೈಪ್‌ಲೈನ್ ನೋಡಿಕೊಳ್ತಾ ನಡೆಯುವವ. ಕ್ಲಿಪ್ಪಿನ ಅಡಿ..."

"ನನಗೆ ಎಂತದ್ದೂ ಹೇಳುವುದು ಬೇಡ! ನಿಮ್ಮ ಕಂಟ್ರಾಕ್ಟರಿಗೆ ಹೇಳ್ತೇನೆ."

ಅವನು ತಂದಿದ್ದ ಕೊಡವನ್ನು ಅಲ್ಲೇ ಬಿಟ್ಟು, ಕಿತ್ತಳೆ ಬಣ್ಣದ ಕೋಟು ಸರಿಮಾಡಿಕೊಂಡು ನಡೆದುಬಿಟ್ಟ.

ಅವಳು ಕಂಟ್ರಾಕ್ಟರಿಗೆ ಫೋನು ಮಾಡಿಯೇ ಬಿಟ್ಟಳು.

ನೆಲದಡಿಯ ಗ್ಯಾಸ್ ಪೈಪಿನ ಹೊದಿಕೆ ಎಲ್ಲಿ ಹಾಳಾಗಿದೆಯೆಂದು ಮೇಲಿನಿಂದಲೇ ಪತ್ತೆಹಚ್ಚುವುದು ರಂಜನಿಯ ಕೆಲಸ. ಪೆಟ್ಟಿಗೆಯ ಒಂದು ವಯರು ಪೈಪಿಗೆ, ಇನ್ನೊಂದು ದೂರದ ಗೂಟಕ್ಕೆ. ಗೂಟಕ್ಕೆ ಒದ್ದೆ ಮಣ್ಣಿನ ಹಿಡಿತ ಚೆನ್ನಾಗಿದ್ದರೆ ಮಾತ್ರ ಪೈಪಿನಲ್ಲಿ ಕರೆಂಟ್ ಹರಿಯುತ್ತದೆ. ಈ ಒಣ ಮುರಕಲ್ಲಿನಲ್ಲಿ ಹಿಡಿತವೆಲ್ಲಿ? ಬೆಳಿಗ್ಗೆ ಹೇಗೋ ಸರಿ ಇರುತ್ತಿತ್ತು; ಮಧ್ಯಾಹ್ನಕ್ಕೆ ಮೀಟರಿನ ಅಂಕೆ ಕುಸಿಯುತ್ತಿತ್ತು. ಇಲ್ಲಿಯದು ಇವತ್ತು ಮುಗಿಯದಿದ್ದರೆ ಅವಳು ನಡೆಸುವ ತಂಡದ ಹೊಣೆ ಬೇರೆಯವರಿಗೆ.

ಒಂಬತ್ತು ವರ್ಷ. ಎಷ್ಟೋ ಊರು, ಎಷ್ಟೋ ಲಾಡ್ಜು. ಈಗ ಮೂವತ್ತೇಳು. ಸಿಟ್ಟು ಮಾಡುವುದಕ್ಕೂ ಶಕ್ತಿ ಬೇಕಲ್ಲ, ಅದೂ ಮುಗಿದಿತ್ತು.

ಬಾಯಾರಿ ಆ ಕೊಡವನ್ನೇ ಎತ್ತಿ ಕುಡಿದಳು.

ಥೂ... ಉಪ್ಪು!

'ಕುಡಿಯುವ ನೀರಿಗೆ ಉಪ್ಪು ಹಾಕಿ ತಮಾಷೆಯಾ?'

ಪಕ್ಕದ ಮನೆಯ ಅಂಗಳದಿಂದ ಮುದುಕಿ ಅಮ್ಮಣ್ಣಿ ನಕ್ಕರು. "ಅದು ನಿನಗಲ್ಲ ಮಗಾ, ನಿನ್ನ ಗೂಟಕ್ಕೆ! ಗುಣಪಾಲ ಮೂರು ದಿನದಿಂದ ನನ್ನ ಬಾವಿಯಿಂದ ನೀರು ಸೇದಿ, ನನ್ನ ಭರಣಿಯ ಉಪ್ಪು ಹಾಕಿ, ನೀನು ಬರುವ ಮೊದಲೇ ಅದರ ಬುಡಕ್ಕೆ ಹೊಯ್ತಾ ಇದ್ದಾನೆ. 'ಉಪ್ಪುನೀರು ಹೊಯ್ಯಬೇಕಿತ್ತು, ಇಲ್ಲಿ ನೀರೆಲ್ಲಿ' ಅಂತ ನೀನೇ ಫೋನಿನಲ್ಲಿ ಹೇಳಿದ್ದಂತೆ. ಉಪ್ಪು ಖಾಲಿ ಮಾಡಿದ, ಪುಣ್ಯಾತ್ಮ!"

ರಂಜನಿ ಗೂಟದ ಮುಂದೆ ಕುಕ್ಕರಿಸಿದಳು. ಬುಡದ ಮಣ್ಣು ಇನ್ನೂ ತೇವವಾಗಿತ್ತು. ಕ್ಲಿಪ್ಪು ಕಚ್ಚುವ ಜಾಗದಲ್ಲಿ ದಪ್ಪ ತುಕ್ಕು. ಅದರ ಅರ್ಧ ಭಾಗವನ್ನು ಯಾರೋ ತಾಳ್ಮೆಯಿಂದ ಕೆರೆದಿದ್ದರು. ಅಷ್ಟು ಕಬ್ಬಿಣ ಹೊಳೆಯುತ್ತಿತ್ತು.

ತುಕ್ಕಿನ ಮೇಲೆಯೇ ಕ್ಲಿಪ್ಪು ಹಾಕಿದವಳು ತಾನು! ಮೊದಲು ತುಕ್ಕು ತೆಗೆಯಬೇಕು; ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಅದು...

"ಅಮ್ಮಾ, ಅವರು ಎಲ್ಲಿ?"

"ಆಗಲೇ ಫೋನು ಬಂತು, ಕೆಲಸದಿಂದ ತೆಗೆದರಂತೆ. ಬಸ್‌ಸ್ಟ್ಯಾಂಡಿನ ಕಡೆ ಹೋದ."

ಅವಳು ಆಫೀಸಿಗೆ ಫೋನು ಹಚ್ಚಿದಳು.

"ಸರ್, ಆ ಮನುಷ್ಯನದ್ದು ತಪ್ಪಿಲ್ಲ. ತುಕ್ಕು ತೆಗೆಯದೆ ಕನೆಕ್ಷನ್ ಕೊಟ್ಟದ್ದು ನಾನು. ಹಾಗೇ ಬರೆದುಕೊಳ್ಳಿ. ಅವರ ಕೆಲಸ ವಾಪಸ್ ಕೊಡಿಸಿ."

"ಕೊಡಿಸ್ತೇನೆ. ಆದರೆ ಮುಂದಿನ ತಂಡ ನಿಮಗೆ ಸಿಗುವುದು ಕಷ್ಟ, ರಂಜನಿ."

"ಗೊತ್ತು ಸರ್."

ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಗುಣಪಾಲ ಒಬ್ಬನೇ ಕುಳಿತಿದ್ದ. ಕೋಟು ಮಡಚಿ ತೊಡೆಯ ಮೇಲಿತ್ತು. ನಲವತ್ತು ದಾಟಿದ ಮುಖ, ಹಿಮ್ಮಡಿ ಸವೆದ ಬೂಟು. ಅವಳು ಪಕ್ಕದಲ್ಲಿ ಕುಳಿತಳು.

"ಹೇಳ್ಲಿಕ್ಕೆ ಆಗ್ತಿರಲಿಲ್ಲವಾ?"

"ಹೇಳ್ಲಿಕ್ಕೆ ನೀವು ಬಿಟ್ಟರೆ ತಾನೇ?"

ಅವಳು ತಲೆ ತಗ್ಗಿಸಿದಳು. "ನಿಮಗೆ ಕರೆಂಟ್ ಹೊಡೆದೀತು ಅಂತ ಹೆದರಿದೆ. ಆ ಹೆದರಿಕೆಯಲ್ಲೇ ಬೈದೆ... ಆಫೀಸಿಗೆ ಹೇಳಿದ್ದೇನೆ, ನಿಮ್ಮ ಕೆಲಸ ವಾಪಸ್ ಸಿಗ್ತದೆ. ಮೂರು ದಿನ ನೀರು ಯಾಕೆ ತಂದಿರಿ?"

ಗುಣಪಾಲ ಕೋಟಿನ ಅಂಚು ತಿರುಚಿದ.

"ಮೊದಲ ದಿನ ನೀವು ಗೂಟದ ಹತ್ತಿರ ನೆಲದಲ್ಲೇ ಕೂತು ಕಣ್ಣು ಮುಚ್ಚಿದಿರಿ. ಐದು ನಿಮಿಷ. ಮತ್ತೆ ಎದ್ದು ಪುನಃ ಸುತ್ತಿಗೆ ಹಿಡಿದಿರಿ. ಅದನ್ನು ನೋಡಿದ ಮೇಲೆ... ಸುಮ್ಮನೆ ನಡೆದುಹೋಗ್ಲಿಕ್ಕೆ ಆಗಲಿಲ್ಲ."

ರಂಜನಿಯ ಕಣ್ಣು ತುಂಬಿತು. ಅವಳ ಸುಸ್ತನ್ನು ಇಷ್ಟು ವರ್ಷದಲ್ಲಿ ಕಂಡವನು ಇವನೊಬ್ಬ!

ಇಬ್ಬರೂ ಬಯಲಿಗೆ ಮರಳಿದಾಗ ಅವಳು ಮೊದಲು ಪೆಟ್ಟಿಗೆ ಆಫ್ ಮಾಡಿದಳು. ಅವನು ತುಕ್ಕು ಪೂರ್ತಿ ಕೆರೆದ. ಅವಳು ಕ್ಲಿಪ್ಪು ಬಿಗಿದಳು. ಕೊಡದಲ್ಲಿ ಉಳಿದ ನೀರು ಬುಡಕ್ಕೆ ಇಳಿಯಿತು. ಮೀಟರಿನ ಅಂಕೆ ಏರಿ ನಿಂತಿತು. ಸೂರ್ಯ ಕೆಳಗಿಳಿಯುವವರೆಗೆ ಅವಳು ಪೈಪಿನ ದಾರಿಯಲ್ಲಿ ನಡೆದಳು, ಅವನು ಗೂಟ ಕಾದ.

"ಮುಗಿಯಿತು," ಎಂದಳು, ವಾಪಸು ಬಂದು. "ನಾಳೆ ಪಕ್ಕದ ಊರು ಕುಂಜತ್ತೂರಿನಲ್ಲಿ ಕೊನೇ ದಿನದ ಕೆಲಸ. ಆಮೇಲೆ ಈ ಕೆಲಸ ಉಂಟೋ ಇಲ್ಲವೋ."

"ನಾಳೆ ನನಗೆ ರಜೆ. ಎರಡು ಕೊಡ ತರ್ತೇನೆ."

"ಎರಡು ಯಾಕೆ?"

ಗುಣಪಾಲ ಮೊದಲ ಬಾರಿ ಅವಳ ಕಣ್ಣು ನೋಡಿ ನಕ್ಕ.

"ಒಂದಕ್ಕೆ ಉಪ್ಪು ಹಾಕುವುದಿಲ್ಲ."